ಉಂಡೆ ಕಟ್ಟುವ ಕೈಗಳು

ಕನ್ನಡದಲ್ಲಿ 'ಉಂಡೆ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಅಂಗೈಯಲ್ಲಿ ಉರುಟಾಗಿ ಕಟ್ಟಿದ ತಿನಿಸು ಉಂಡೆ. 'ನಾನು ಊಟ ಮಾಡಿದೆ' ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿದರೆ ಅದೂ ಉಂಡೆ. ಪಂಡಿತರು ಇವೆರಡರ ಮೂಲ ಬೇರೆ ಬೇರೆ ಎನ್ನಬಹುದು. ಆದರೆ ಹಸಿದ ಮಗುವಿನ ಕೈಗೆ ಒಂದು ಉಂಡೆಯನ್ನಿಟ್ಟ ತಾಯಿಗೆ ಈ ಎರಡು ಅರ್ಥಗಳ ನಡುವೆ ಹೆಚ್ಚಿನ ಅಂತರ ಕಾಣಿಸಿರಲಾರದು.

ಈಗ ಈ ಉಂಡೆಗೆ ಹೊಸ ಹೆಸರುಗಳು ಬಂದಿವೆ. ನಗರದ ಅಂಗಡಿಗಳಲ್ಲಿ ಅದು 'ಎನರ್ಜಿ ಬೈಟ್ಸ್', 'ಪ್ರೋಟೀನ್ ಬಾಲ್ಸ್' ಎಂದು ಹೊಳೆಯುವ ಪೊಟ್ಟಣಗಳಲ್ಲಿ ಕುಳಿತಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ರಜೆಗೆ ಬಂದಾಗ ತನ್ನ ಮೊಬೈಲಿನಲ್ಲಿ ಅದನ್ನು ಮಾಡುವ ವಿಧಾನವನ್ನು ನನಗೆ ತೋರಿಸಿದ. ಓಟ್ಸ್, ಖರ್ಜೂರ, ಬಾದಾಮಿ, ಒಂದಿಷ್ಟು ಜೇನು. "ಓವನ್ ಬೇಡವೇ ಬೇಡ, ಫಾದರ್! ಹತ್ತೇ ನಿಮಿಷ" ಎಂದು ಸಂಭ್ರಮದಿಂದ ಹೇಳಿದ. ನನಗೆ ನಗು ಬಂತು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಯಾವ ಅಜ್ಜಿಯ ಮನೆಯಲ್ಲಿ ಓವನ್ ಇತ್ತು? ಓವನ್ ಇಲ್ಲದೆ ತಿಂಡಿ ಮಾಡುವುದನ್ನು ಈ ಸೀಮೆಗೆ ಯಾರಾದರೂ ಹೊಸದಾಗಿ ಕಲಿಸಬೇಕೆ? ಆದರೆ ಆ ಯುವಕನನ್ನು ಹಾಸ್ಯ ಮಾಡುವುದು ನನ್ನ ಉದ್ದೇಶವಲ್ಲ. ಅಡುಗೆಮನೆಗೆ ಕಾಲಿಡದೆಯೇ ಬೆಳೆದ ಗಂಡುಮಗನೊಬ್ಬ ತನ್ನ ತಿಂಡಿಯನ್ನು ತಾನೇ ಮಾಡಿಕೊಳ್ಳುತ್ತಿದ್ದಾನೆ. ಅದು ಸಣ್ಣ ಸಂಗತಿಯೇನಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯಾದರೋ ಇತ್ತೀಚಿನ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಉಂಡೆಯ ಭೂಗೋಳ ಬದಲಾಗಿಲ್ಲ. ಅದು ಮಣ್ಣನ್ನೂ ನೀರನ್ನೂ ಅನುಸರಿಸುತ್ತದೆ. ಮಳೆಯನ್ನೇ ನಂಬಿದ ಜಗಳೂರಿನ ಕಡೆ ನವಣೆ, ಸಜ್ಜೆ, ಜೋಳ, ಶೇಂಗಾ. ಅಲ್ಲಿ ನವಣೆ ಉಂಡೆ, ಶೇಂಗಾ ಉಂಡೆ, ಜೋಳದ ಅರಳನ್ನು ಬೀಸಿ ಮಾಡಿದ ಅಳ್ಳಿಟ್ಟು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿಯಲ್ಲಿಯೂ ಭತ್ತ. ಅಲ್ಲಿ ಅಕ್ಕಿ ತಂಬಿಟ್ಟು, ಬೆಲ್ಲದ ಪಾಕದಲ್ಲಿ ಕಟ್ಟಿದ ಮಂಡಕ್ಕಿ ಉಂಡೆ. ಕಾದ ಮರಳಿನಲ್ಲಿ ಅಕ್ಕಿಯನ್ನು ಅರಳಿಸುವ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೆಸರು ನಾಡಿಗೆಲ್ಲ ತಿಳಿದದ್ದೇ. ಇನ್ನು ಹುರಿದ ಎಳ್ಳನ್ನು ಬೆಲ್ಲದೊಡನೆ ಕುಟ್ಟಿದ ಚಿಗಳಿ ಎಲ್ಲ ಕಡೆಗೂ ಸಲ್ಲುವಂಥದು. ಪಂಚಮಿ ಹಬ್ಬ ಬಂದರೆ ಜೋಕಾಲಿ ಮತ್ತು ಉಂಡೆಗಳೇ ಹಬ್ಬ. ಆ ದಿನಗಳಲ್ಲಿ ಅಕ್ಕಪಕ್ಕದ ಹಿಂದೂ ಮನೆಗಳಿಂದ ನಮ್ಮ ಗುರುನಿವಾಸಕ್ಕೆ ಬರುವ ಉಂಡೆಗಳ ಡಬ್ಬಿಗಳನ್ನು ಎಣಿಸಿದರೆ ಊರಿನ ಸೌಹಾರ್ದವನ್ನು ಅಳೆಯಬಹುದು; ಕ್ರಿಸ್ಮಸ್ ಹೊತ್ತಿಗೆ ಅದೇ ಡಬ್ಬಿಗಳನ್ನು ನಾವು ತುಂಬಿಸಿ ಹಿಂದಿರುಗಿಸಬೇಕು. ಖಾಲಿ ಡಬ್ಬಿಯನ್ನು ಕೊಡುವ ಪದ್ಧತಿ ಈ ಕಡೆ ಇಲ್ಲ.

ಈ ತಿನಿಸುಗಳೆಲ್ಲಕ್ಕೂ ಒಂದೇ ವ್ಯಾಕರಣ. ಮೊದಲು ಬೆಂಕಿ, ಆಮೇಲೆ ಕೈ. ಧಾನ್ಯವನ್ನು ಹುರಿದೋ ಅರಳಿಸಿಯೋ ಹಿಟ್ಟು ಮಾಡಿದ ಮೇಲೆ ಅದನ್ನು ಮತ್ತೆ ಬೇಯಿಸುವುದಿಲ್ಲ. ಆದರೆ ಸಾಮಾನ್ಯವಾಗಿ ಹಸಿ ಹಿಟ್ಟನ್ನು ಹಾಗೆಯೇ ಉಂಡೆ ಮಾಡುವುದಿಲ್ಲ. ಹುರಿದಾಗ ಧಾನ್ಯದ ತೇವ ಆರುತ್ತದೆ, ಹುಳು ಮತ್ತು ಸೂಕ್ಷ್ಮಜೀವಿಗಳ ಕಾಟ ತಗ್ಗುತ್ತದೆ, ಪಿಷ್ಟ ಸಡಿಲಗೊಂಡು ಜೀರ್ಣವಾಗುವುದು ಸುಲಭವಾಗುತ್ತದೆ, ಪರಿಮಳವಂತೂ ಬರುತ್ತದೆ. ಅಂಗಡಿಯ ಓಟ್ಸ್ ಕೂಡ ಹಬೆಯಲ್ಲಿ ಬೆಂದು, ಚಪ್ಪಟೆಯಾಗಿಯೇ ಪೊಟ್ಟಣಕ್ಕೆ ಬಂದಿರುತ್ತದೆ. ಆದುದರಿಂದಲೇ ಅದನ್ನು ಹಾಗೆಯೇ ಬಳಸಬಹುದು. 'ಬೇಯಿಸಬೇಕಿಲ್ಲ' ಎಂಬ ಮಾತನ್ನು ಅಕ್ಷರಶಃ ನಂಬಿ ಹಸಿ ಗೋಧಿ ಹಿಟ್ಟನ್ನೋ ಹಸಿ ಕಡಲೆ ಹಿಟ್ಟನ್ನೋ ಬೆರೆಸುವವರಿಗೆ ಹೊಟ್ಟೆನೋವು ಬರಬಹುದು.

ಪವಿತ್ರ ಗ್ರಂಥವನ್ನು ಓದುವವರಿಗೆ ಇದು ಅಪರಿಚಿತವಾದ ಆಹಾರವಲ್ಲ. ಬೋವಜನು ಹೊಲದಲ್ಲಿ ರೂತಳಿಗೆ ಕೊಟ್ಟದ್ದು ಹುರಿದ ಧಾನ್ಯ. ಅಬೀಗೈಲಳು ದಾವೀದನ ಕೋಪವನ್ನು ಶಮನಗೊಳಿಸಲು ಕತ್ತೆಗಳ ಮೇಲೆ ಹೇರಿಕೊಂಡು ಹೋದ ಸಾಮಗ್ರಿಯಲ್ಲಿ ಒಣದ್ರಾಕ್ಷಿಯ ಗೊಂಚಲುಗಳು ನೂರು, ಒತ್ತಿ ಕಟ್ಟಿದ ಅಂಜೂರದ ಉಂಡೆಗಳು ಇನ್ನೂರು. ಸಮುವೇಲನ ಮೊದಲನೆಯ ಗ್ರಂಥದಲ್ಲಿಯೇ ಇನ್ನೊಂದು ಪ್ರಸಂಗವಿದೆ. ಕಾಯಿಲೆ ಬಿದ್ದನೆಂದು ಒಡೆಯನು ದಾರಿಯಲ್ಲೇ ಬಿಟ್ಟುಹೋದ ಒಬ್ಬ ಆಳು, ಮೂರು ದಿನಗಳಿಂದ ಅನ್ನನೀರಿಲ್ಲದೆ ಬಯಲಲ್ಲಿ ಬಿದ್ದಿರುತ್ತಾನೆ. ಅವನಿಗೆ ಮರಳಿ ಚೈತನ್ಯ ಬಂದದ್ದು ರೊಟ್ಟಿ, ನೀರು, ಒಂದು ತುಂಡು ಅಂಜೂರದ ಉಂಡೆ ಮತ್ತು ಒಣದ್ರಾಕ್ಷಿಯಿಂದ. ಗುರುಮಠದಲ್ಲಿ ಈ ಭಾಗವನ್ನು ಅಭ್ಯಸಿಸುವಾಗ ನಾವು ದಾವೀದನ ಯುದ್ಧದ ಕಡೆಗೇ ಹೆಚ್ಚು ಗಮನ ಕೊಟ್ಟೆವು. ಈಗ, ದುಡಿಯುವವರ ಊರುಗಳಲ್ಲಿ ಇಷ್ಟು ವರ್ಷ ಕಳೆದ ಮೇಲೆ, ಆ ಆಳಿನ ಮೇಲೆಯೇ ನನ್ನ ಕಣ್ಣು ನಿಲ್ಲುತ್ತದೆ.

ಹಾಗಾದರೆ ಇಷ್ಟು ಒಳ್ಳೆಯ ತಿಂಡಿ ನಮ್ಮ ಮನೆಗಳಿಂದ ಏಕೆ ಮರೆಯಾಯಿತು? 'ಹಿಂದಿನವರ ಜ್ಞಾನವನ್ನು ನಾವು ಮರೆತೆವು' ಎಂದು ವೇದಿಕೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರ ಮುಂದೆ ಇದೇ ಮಾತು ಬಂದಾಗ ಅವರು ನಕ್ಕುಬಿಟ್ಟರು. "ಮರ್ತಿಲ್ಲ ಸ್ವಾಮೇರೇ, ಎಲ್ಲಾ ನೆಪ್ಪೈತೆ. ನವಣಿ ಕುಟ್ಟಿ ಕುಟ್ಟಿ ನಮ್ಮ ರಟ್ಟೆ ಬಿದ್ದೋದ್ವು. ಅದೂ ನೆಪ್ಪೈತೆ" ಎಂದರು. ನವಣೆಯ ಕಾಳಿನ ಸಿಪ್ಪೆ ಗಟ್ಟಿ. ಒರಳಿಗೆ ಹಾಕಿ ಒನಕೆಯಲ್ಲಿ ಥಳಿಸಿ, ಮೊರದಲ್ಲಿ ಕೇರಿ, ಮತ್ತೆ ಥಳಿಸಿ ನವಣಕ್ಕಿ ಮಾಡಬೇಕು. ಅಷ್ಟೆಲ್ಲ ಆದ ಮೇಲೆ ಬೀಸುವ ಕಲ್ಲು. ಪಡಿತರದ ಅಕ್ಕಿ ಬಂದಾಗ ಹೆಂಗಸರು ಒನಕೆಯನ್ನು ಮೂಲೆಗೆ ಒರಗಿಸಿದ್ದು ಮರೆವಿನಿಂದಲ್ಲ, ಬಿಡುಗಡೆಯ ನಿಟ್ಟುಸಿರಿನಿಂದ. ಅತ್ತ ಹೊಲದಲ್ಲಿಯೂ ನವಣೆಯ ಜಾಗವನ್ನು ಮೆಕ್ಕೆಜೋಳ ಆಕ್ರಮಿಸಿತು. ದಾವಣಗೆರೆ ಜಿಲ್ಲೆ ಇಂದು ಮೆಕ್ಕೆಜೋಳಕ್ಕೆ ಹೆಸರುವಾಸಿ. ಅದರ ಬಹುಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗಳಿಗೆ ಹೋಗುತ್ತದೆ. ಮಾರಿದ ಹಣದಲ್ಲಿ ಒಂದಿಷ್ಟು ಬಿಸ್ಕತ್ತಾಗಿ, ಕುರುಕಲಾಗಿ ಮನೆಗೆ ಮರಳುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಮೇಳಗಳಾದವು, ಭಾಷಣಗಳಾದವು. ನನ್ನ ಮಟ್ಟಿಗೆ ಆ ಭಾಷಣಗಳಿಗಿಂತ ಸಿಪ್ಪೆ ಬಿಡಿಸುವ ಸಣ್ಣ ಯಂತ್ರಗಳು ದೊಡ್ಡ ಉಪಕಾರ. ಇಂದು ಅಂಗಡಿಯಲ್ಲಿ ನವಣಕ್ಕಿ ಸಿದ್ಧವಾಗಿ ಸಿಗುತ್ತದೆ. ಯಾರ ರಟ್ಟೆಯೂ ಬೀಳಬೇಕಿಲ್ಲ.

ಹಾಗೆಂದು ಎಲ್ಲ ಶ್ರಮವೂ ಮುಗಿಯಿತೇ? ಇಲ್ಲ. ಚನ್ನಗಿರಿ ಭಾಗದಲ್ಲಿ ಮನೆಗಳನ್ನು ಸಂದರ್ಶಿಸುವಾಗ ಒಬ್ಬ ತಾಯಿಯನ್ನು ಕಂಡೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಶಾಲೆಯಲ್ಲಿ ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಎಂಟರ ಆಸುಪಾಸಿನಲ್ಲಿತ್ತು. ಬೆಳಿಗ್ಗೆ ಏನನ್ನೂ ತಿನ್ನದೆ ಶಾಲೆಗೆ ಹೊರಡುವ ಆ ಹುಡುಗಿ ದಾರಿಯಲ್ಲಿ ಐದೋ ಹತ್ತೋ ರೂಪಾಯಿಯ ಖಾರದ ಪೊಟ್ಟಣವನ್ನು ಕೊಂಡು ತಿನ್ನುತ್ತಿದ್ದಳು. ಮನೆಯಲ್ಲಿಯೇ ಉಂಡೆ ಮಾಡಿಟ್ಟರೆ ಹೇಗೆ ಎಂಬ ಮಾತು ಬಂತು. ಆ ತಾಯಿ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. "ಬೆಳಿಗ್ಗೆ ಐದಕ್ಕೆ ಖೇಣಿ ಮನಿಗೆ ಅಡಿಕೆ ಸುಲಿಯಾಕೆ ಹೋದ್ರೆ ಕತ್ತಲಾದ ಮ್ಯಾಲೇ ಬರಾದು, ಫಾದ್ರೇ. ಈ ಕೈಗೆ ಬಿಡುವು ಎಲ್ಲೈತೆ ಹೇಳ್ರಿ?" ಎಂದು ಅಡಿಕೆಯ ಕರೆಯಿಂದ ಕಪ್ಪಾದ ಎರಡೂ ಅಂಗೈಗಳನ್ನು ನನ್ನೆದುರು ಚಾಚಿದರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ, 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಆ ಅಂಕಿಯ ಹಿಂದೆ ಇಂಥ ಅಂಗೈಗಳಿವೆ. ಆರೋಗ್ಯಕರ ತಿಂಡಿಯನ್ನು ಮನೆಯಲ್ಲಿಯೇ ಮಾಡಿ ಎಂದು ಬರೆಯುವವರು, ಬೋಧಿಸುವವರು, ಆ 'ಮಾಡಿ' ಎಂಬ ಕ್ರಿಯಾಪದದ ಕರ್ತೃ ಯಾರು ಎಂಬುದನ್ನು ಹೇಳುವುದಿಲ್ಲ. ಹೇಳದಿದ್ದರೂ ಅದು ತಾಯಿಯೇ ಎಂದು ಎಲ್ಲರಿಗೂ ಗೊತ್ತು. ಆಕೆಯ ದಿನಕ್ಕೆ ಇನ್ನೊಂದು ಗಂಟೆಯ ದುಡಿಮೆಯನ್ನು ಸೇರಿಸಿ ಅದಕ್ಕೆ ಆರೋಗ್ಯವೆಂದು ಹೆಸರಿಡುವುದು ನನಗೆ ನ್ಯಾಯವಾಗಿ ತೋರುವುದಿಲ್ಲ.

ಅಂದಿನ ಮಾತುಕತೆಯ ನಂತರ ನಮ್ಮ ಕಡೆಯ ಭಾನುವಾರಗಳಲ್ಲಿ ಒಂದು ಸಣ್ಣ ಪದ್ಧತಿ ಬೆಳೆಯಿತು. ತಿಂಗಳಿಗೆರಡು ಬಾರಿ, ಬಲಿಪೂಜೆಯ ನಂತರ, ಅಪ್ಪಂದಿರೂ ಗಂಡುಮಕ್ಕಳೂ ಸೇರಿ ಉಂಡೆ ಕಟ್ಟುವುದು. ತಾಯಂದಿರು ಹೊರಗೆ ಮರದ ನೆರಳಲ್ಲಿ ಕುಳಿತಿರಬೇಕು, ಬಂದು ತಿದ್ದುವಂತಿಲ್ಲ. ಮೊದಲ ದಿನ ಒಬ್ಬ ಗೃಹಸ್ಥರು "ನಮ್ಮ ಕೈಲಿ ಇದಾಗುತ್ತಾ ಫಾದರ್, ಇದು ಹೆಂಗಸ್ರ ಕೆಲಸ" ಎಂದು ಬಾಗಿಲಲ್ಲೇ ನಿಂತರು. ಅವರು ಟ್ರ್ಯಾಕ್ಟರಿನ ಗೇರ್ ಬಾಕ್ಸನ್ನು ಬಿಚ್ಚಿ ಜೋಡಿಸಬಲ್ಲವರು! ಅವರ ಮಗನೇ ಅಪ್ಪನ ಕೈಗೆ ಸೌಟನ್ನು ಕೊಟ್ಟ.

ಅಲ್ಲಿ ಬಳಸುವ ಅಳತೆ ಇದು. ನವಣಕ್ಕಿ 250 ಗ್ರಾಂ, ಶೇಂಗಾ 150 ಗ್ರಾಂ, ಎಳ್ಳು 50 ಗ್ರಾಂ, ಬೆಲ್ಲ 150 ಗ್ರಾಂ, ತುಪ್ಪ ಮೂರು ದೊಡ್ಡ ಚಮಚ, ಏಲಕ್ಕಿ, ಚಿಟಿಕೆ ಉಪ್ಪು. ನವಣಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ನೆರಳಲ್ಲಿ ಚೆನ್ನಾಗಿ ಆರಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಬೇಕು. ಇಲ್ಲಿ ಅವಸರ ಸಲ್ಲದು. ಬಣ್ಣ ಹೊಂಬಣ್ಣಕ್ಕೆ ತಿರುಗಿ, ಘಮ ಬಾಗಿಲು ದಾಟಿ ಹೊರಗೆ ಕುಳಿತವರ ಮೂಗಿಗೆ ತಲುಪಿದಾಗ ಇಳಿಸಬೇಕು. ಶೇಂಗಾವನ್ನು ಹುರಿಯುವ ಮೊದಲೇ ಆರಿಸಬೇಕು. ಸುಕ್ಕಿದ, ಕಪ್ಪಾದ, ಬೂಷ್ಟು ಹಿಡಿದ ಕಾಳುಗಳನ್ನು ಕರುಣೆಯಿಲ್ಲದೆ ಎಸೆಯಬೇಕು, ಏಕೆಂದರೆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರ. ಅದು ಹುರಿದರೂ ಪೂರ್ತಿ ನಾಶವಾಗದು. ಎಳ್ಳು ಚಟಪಟ ಎಂದೊಡನೆ ಸಾಕು, ಮೀರಿದರೆ ಕಹಿ. ಎಲ್ಲವೂ ಆರಿದ ಮೇಲೆ ನವಣಕ್ಕಿಯನ್ನು ನುಣ್ಣಗೆ, ಶೇಂಗಾ ಮತ್ತು ಎಳ್ಳನ್ನು ತರಿತರಿಯಾಗಿ ಪುಡಿ ಮಾಡಬೇಕು. ಬೆಲ್ಲಕ್ಕೆ ನಾಲ್ಕೇ ಚಮಚ ನೀರು ಹಾಕಿ ಕರಗಿಸಿ, ಕಸಕಡ್ಡಿ ಹೋಗುವಂತೆ ಸೋಸಿ, ಒಂದು ಕುದಿ ಬರಿಸಿ ಹಿಟ್ಟಿಗೆ ಬೆರೆಸುವುದು. ಕೈಗೆ ತಡೆಯುವಷ್ಟು ಬಿಸಿಯಿರುವಾಗಲೇ ಕಟ್ಟಬೇಕು. ಆರಿದರೆ ಪುಡಿಯಾಗುತ್ತದೆ, ಪುಡಿಯಾದರೆ ಇನ್ನೊಂದು ಚಮಚ ಬಿಸಿ ತುಪ್ಪ.

ನೀರು ಹಾಕದೆಯೂ ಮಾಡಬಹುದು. ಹುರಿದ ಶೇಂಗಾವನ್ನು ಬೆಲ್ಲದೊಡನೆ ಒರಳಿನಲ್ಲಿ ಕುಟ್ಟಿದರೆ ಕಾಳಿನೊಳಗಿನ ಎಣ್ಣೆಯೇ ಹೊರಬಂದು ಅಂಟನ್ನು ಒದಗಿಸುತ್ತದೆ. ಇಂಥ ಉಂಡೆ ಹೆಚ್ಚು ದಿನ ಉಳಿಯುತ್ತದೆ. ಪಾಕದ್ದನ್ನು ಒಂದು ವಾರದೊಳಗೆ ಮುಗಿಸುವುದು ಒಳ್ಳೆಯದು, ಮಳೆಗಾಲದಲ್ಲಿ ಅದಕ್ಕಿಂತ ಮೊದಲೇ.

ಈ ಅಳತೆಯಲ್ಲಿ 20 ಗ್ರಾಂ ತೂಗುವ ಮೂವತ್ತಕ್ಕೂ ಹೆಚ್ಚು ಉಂಡೆಗಳಾಗುತ್ತವೆ. ಎರಡು ಉಂಡೆಗಳಲ್ಲಿ ನಾಲ್ಕೈದು ಗ್ರಾಂ ಪ್ರೋಟೀನ್ ಇರುತ್ತದೆ, ಮಧ್ಯಾಹ್ನದವರೆಗೆ ಹಸಿವನ್ನು ತಡೆಯುವ ಶಕ್ತಿಯೂ ಇರುತ್ತದೆ. ಆದರೆ ಕಬ್ಬಿಣಾಂಶ? ಹೆಚ್ಚೆಂದರೆ ಒಂದೆರಡು ಮಿಲಿಗ್ರಾಂ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಉಂಡೆ ತಿಂದರೆ ರಕ್ತ ಉಕ್ಕುತ್ತದೆ ಎಂದು ಹೇಳಿ ಯಾರೂ ಮಗುವಿನ ಮಾತ್ರೆಯನ್ನು ತಪ್ಪಿಸಬಾರದು. ಉಂಡೆ ಮಾಡುವ ಕೆಲಸ ಬೇರೆ: ಖಾಲಿ ಹೊಟ್ಟೆಗೆ ಮೊದಲು ಬೀಳುವುದು ಖಾರದ ಪೊಟ್ಟಣವಾಗದಂತೆ ನೋಡಿಕೊಳ್ಳುವುದು. ಅದರೊಡನೆ ಚಹಾ ಕುಡಿದರೆ ಇರುವಷ್ಟು ಕಬ್ಬಿಣವೂ ಸರಿಯಾಗಿ ಮೈಗೆ ಹತ್ತದು. ಒಂದು ಸೀಬೆಹಣ್ಣೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಸೀಬೆಯ ಮರ ಹಿತ್ತಿಲಲ್ಲಿಯೇ ಇರುವಾಗ ಇದಕ್ಕೆ ಖರ್ಚೇನೂ ಇಲ್ಲ.

ಬೆಲ್ಲದ ಬಗ್ಗೆಯೂ ನಿಷ್ಠುರವಾಗಿ ಹೇಳಬೇಕಾಗಿದೆ. ಬೆಲ್ಲವೆಂದರೆ ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಗಾಢವಾಗಿದೆ. ರುಚಿಯಲ್ಲಿ ಅದು ಮೇಲೇ ಹೌದು, ಆದರೆ ಅದರ ಬಹುಪಾಲು ಸಕ್ಕರೆಯೇ. ದಿನದ ಶಕ್ತಿಯಲ್ಲಿ ಹೀಗೆ ಬೆರೆಸಿದ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಲಿ, ಸಾಧ್ಯವಾದರೆ 5ಕ್ಕಿಂತಲೂ ಕೆಳಗಿಳಿಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಇದು ಬೆಲ್ಲಕ್ಕೂ ಜೇನಿಗೂ ಅನ್ವಯಿಸುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2022ರಿಂದ ಮೊಟ್ಟೆ, ಬಾಳೆಹಣ್ಣುಗಳ ಜೊತೆಗೆ ಶೇಂಗಾ ಚಿಕ್ಕಿಯನ್ನೂ ಕೊಡಲಾಗುತ್ತಿತ್ತು. ಸಿಹಿಯ ಪ್ರಮಾಣ ಮತ್ತು ದಾಸ್ತಾನಿನ ತೊಂದರೆಗಳ ಕಾರಣದಿಂದ 2025ರಲ್ಲಿ ಅದನ್ನು ಕೈಬಿಡಲಾಯಿತು. ಹಳೆಯ ಪದ್ಧತಿಯ ಉಂಡೆಗೆ ಹಿಟ್ಟಿನಷ್ಟೇ ಬೆಲ್ಲ ಬೀಳುತ್ತಿತ್ತು. ಅದು ವರ್ಷಕ್ಕೊಮ್ಮೆ ಬರುವ ಹಬ್ಬದ ಅಳತೆ, ಪ್ರತಿದಿನದ್ದಲ್ಲ. ಮೇಲಿನ ಅಳತೆಯಲ್ಲಿ ಒಂದು ಉಂಡೆಗೆ ಐದು ಗ್ರಾಂನಷ್ಟೂ ಬೆಲ್ಲವಿಲ್ಲ. ಮಕ್ಕಳು ಮೊದಲ ವಾರ ಮುಖ ಸಿಂಡರಿಸುತ್ತಾರೆ, ಮೂರನೆಯ ವಾರಕ್ಕೆ ಮರೆಯುತ್ತಾರೆ. ಮಧುಮೇಹವಿರುವ ಹಿರಿಯರು 'ಇದು ಸಿರಿಧಾನ್ಯ ತಾನೆ' ಎಂದು ನಾಲ್ಕು ಉಂಡೆಗಳನ್ನು ಬಾಯಿಗೆ ಹಾಕಿಕೊಳ್ಳಬಾರದು. ಎಳೆಯ ಮಕ್ಕಳಿಗೆ ಇಡೀ ಶೇಂಗಾ ಇರುವ ಉಂಡೆಯನ್ನು ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಂಡೀತು.

ಖರ್ಚಿನ ಲೆಕ್ಕವನ್ನೂ ಹಾಕಿ ನೋಡಿದೆವು. ಒಂದು ಉಂಡೆಗೆ ಸುಮಾರು ಮೂರು ರೂಪಾಯಿ ಬೀಳುತ್ತದೆ. ಎರಡು ಉಂಡೆಗಳೆಂದರೆ ಅಂಗಡಿಯ ಐದು ರೂಪಾಯಿಯ ಪೊಟ್ಟಣಕ್ಕಿಂತ ತುಸು ಹೆಚ್ಚೇ ಆಯಿತು, ಕಟ್ಟಿದವರ ಕೂಲಿಯನ್ನು ಬಿಟ್ಟು. ಅಗ್ಗವೆಂಬ ಆಸೆ ತೋರಿಸಿ ಯಾರನ್ನೂ ಇದಕ್ಕೆ ಕರೆಯಲಾಗದು. ನಾಲ್ಕಾರು ಮನೆಗಳವರು ಸೇರಿ ಸಾಮಗ್ರಿಯನ್ನು ಒಟ್ಟಿಗೆ ಕೊಂಡರೆ ಸ್ವಲ್ಪ ಉಳಿಯುತ್ತದೆ. ಒಂದು ಗಂಟೆಯಲ್ಲಿ ಆರು ಜನ ಕಟ್ಟಿದರೆ ಎಲ್ಲ ಮನೆಗಳಿಗೂ ವಾರಕ್ಕಾಗುವಷ್ಟಾಗುತ್ತದೆ ಎಂಬುದು ಇಲ್ಲಿಯ ನಿಜವಾದ ಉಳಿತಾಯ. ಎಲ್ಲರೂ ಮುಂದುವರಿದಿದ್ದಾರೆ ಎನ್ನಲಾರೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಭಾನುವಾರಗಳೂ ಮಾಯವಾಗುತ್ತವೆ. ಆ ಒಂಬತ್ತನೆಯ ತರಗತಿಯ ಹುಡುಗಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಾಳೆ, ಉಂಡೆಯನ್ನೂ ತಿನ್ನುತ್ತಿದ್ದಾಳೆ. ಉಂಡೆಯನ್ನು ಕಟ್ಟುವವನು ಅವಳ ತಮ್ಮ. ಅವನ ಉಂಡೆಗಳು ಇನ್ನೂ ಉರುಟಾಗಿಲ್ಲ, ಒಂದೊಂದು ಒಂದೊಂದು ಆಕಾರದವು.

ನ್ಯಾಮತಿ ಕಡೆಯ ತಾಂಡಾಗಳಿಂದ ಪ್ರತಿ ವರ್ಷ ಚಳಿಗಾಲದ ಹೊತ್ತಿಗೆ ಹಲವು ಕುಟುಂಬಗಳು ಕಾಫಿ ಕೊಯ್ಲಿಗೆ ಘಟ್ಟದ ತೋಟಗಳಿಗೆ ಗುಳೆ ಹೋಗುತ್ತವೆ. ಹೋದ ವರ್ಷ ಅಂಥ ಒಂದು ಕುಟುಂಬ ಹೊರಡುವ ಹಿಂದಿನ ಸಂಜೆ ನಾನು ಅಲ್ಲಿದ್ದೆ. ಪಾತ್ರೆ, ಕಂಬಳಿ, ಮಕ್ಕಳ ಪುಸ್ತಕಗಳ ಚೀಲ ಎಲ್ಲ ಅಂಗಳದಲ್ಲಿದ್ದವು. ಒಲೆಯ ಮುಂದೆ ಮನೆಯ ಯಜಮಾನ ಶೇಂಗಾ ಹುರಿಯುತ್ತಿದ್ದ. ಅವನ ವೃದ್ಧ ತಾಯಿ ಗೋಡೆಗೊರಗಿ ಕುಳಿತು, ಘಟ್ಟದಲ್ಲಿ ಚಳಿ ಹೆಚ್ಚು, ಒಣಶುಂಠಿ ಜಾಸ್ತಿ ಹಾಕು, ತುಪ್ಪದಲ್ಲಿ ಅರಳಿಸಿದ ಅಂಟನ್ನೂ ಸೇರಿಸು ಎಂದು ಹೇಳಿಕೊಡುತ್ತಿದ್ದಳು. ಎರಡು ಡಬ್ಬಿಗಳು ತುಂಬಿದವು. ಒಂದು ದಾರಿಗೆ. ಇನ್ನೊಂದನ್ನು ಆತ ಅಜ್ಜಿಯ ಬಳಿಯೇ ಉಳಿಯಲಿದ್ದ ಇಬ್ಬರು ಶಾಲೆಯ ಮಕ್ಕಳಿಗಾಗಿ ಮಾಡಿನ ಗೂಡಿನಲ್ಲಿಟ್ಟು, ಇರುವೆ ಬಾರದಂತೆ ಕೆಳಗೆ ನೀರಿನ ತಟ್ಟೆಯನ್ನಿರಿಸಿದ.